ಹುಮನಾಬಾದಿನ ತವೆಯ ಮೇಲೆ ದೋರಾಯಾಕಿ

ಬಸವಕಲ್ಯಾಣದ ಪೇಟೆಯಲ್ಲಿ ಕಿರಾಣಿ ಅಂಗಡಿಯವರು ಚೀಲಗಳ ಬಾಯಿ ಮಡಚಿ ಸಾಲಾಗಿ ಇಡುತ್ತಿದ್ದಾರೆ. ಮುಂದೆ ತೊಗರಿ, ಕಡಲೆ, ಹೆಸರು, ಉದ್ದು. ನಮಗೆ ಬೇಕಾದದ್ದು ಹಿಂದೆ ಮೂಲೆಯಲ್ಲಿದೆ, ಕೆಂಪು ಅಲಸಂದಿ. ಒಂದು ಮುಷ್ಟಿ ತೆಗೆದು ಅಂಗೈ ಮೇಲೆ ಹರಡುತ್ತೇನೆ. ಒಂದೊಂದು ಕಾಳಿನ ಹೊಟ್ಟೆಯಲ್ಲೂ ಬಿಳಿ ಕಣ್ಣು, ಅದರ ಸುತ್ತ ಕಪ್ಪು ಅಂಚು. ಹುಳ ಹೊಕ್ಕ ಕಾಳಿಗೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಇದರಲ್ಲಿ ಒಂದೂ ಇಲ್ಲ.

"ಉಸಳಿ ಮಾಡ್ಲಕೇನ್ರಿ?" ಅಂಗಡಿಯವರು ತಕ್ಕಡಿ ಹಿಡಿದೇ ಕೇಳುತ್ತಾರೆ.

"ಇಲ್ಲ, ಹೂರಣಕ್ಕ."

ತಕ್ಕಡಿ ಅರೆಗಳಿಗೆ ನಿಲ್ಲುತ್ತದೆ. "ಅಲಸಂದಿ ಹೂರಣ?" ಎಂದು ಇನ್ನೊಮ್ಮೆ ಕೇಳಿ, ನಾನು ಕೇಳದೆಯೇ ಬೆಲ್ಲದ ಪೆಂಟಿಯನ್ನೂ ಮುಂದಕ್ಕೆ ತಳ್ಳುತ್ತಾರೆ. ಹೂರಣ ಅಂದ ಮೇಲೆ ಬೆಲ್ಲ ಬೇಕೇ ಬೇಕು.

ಹುಮನಾಬಾದಿನಲ್ಲಿ ಸೋದರತ್ತೆಯ ಮೊಮ್ಮಕ್ಕಳಿಬ್ಬರು ಡೋರೆಮಾನ್ ನೋಡಿ ನೋಡಿ ದೋರಾಯಾಕಿಗೆ ಹಟ ಹಿಡಿದಿದ್ದಾರೆ. ಟಿವಿಯಲ್ಲಿ ಆ ನೀಲಿ ಬೆಕ್ಕು ಹಿಂದಿ ಮಾತಾಡುತ್ತ, ಎರಡು ಕಂದು ರೊಟ್ಟಿಗಳ ನಡುವೆ ಏನನ್ನೋ ಇಟ್ಟುಕೊಂಡು ಗಬಗಬ ತಿನ್ನುತ್ತದೆ. ಒಳಗಿರುವುದು ಚಾಕೊಲೇಟ್ ಎಂದು ಮಕ್ಕಳ ನಂಬಿಕೆ. ಅದು ಕಾಳು. ಜಪಾನಿನವರು ಅಜುಕಿ ಎಂಬ ಸಣ್ಣ ಕೆಂಪು ಕಾಳನ್ನು ಬೇಯಿಸಿ, ಸಕ್ಕರೆ ಹಾಕಿ ಗಟ್ಟಿ ಮಾಡಿದ ಹೂರಣ. ಅವರು ಅದನ್ನು ಆಂಕೋ ಅನ್ನುತ್ತಾರೆ. ಅಜುಕಿ ನಮ್ಮ ಪೇಟೆಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹೆಸರು, ಉದ್ದು, ಅಲಸಂದಿ, ಅಜುಕಿ ಎಲ್ಲವೂ ಸಸ್ಯಶಾಸ್ತ್ರದಲ್ಲಿ ವಿಗ್ನಾ ಎಂಬ ಒಂದೇ ಕುಲಕ್ಕೆ ಸೇರಿದವು. ಬೀದರ್ ಜಿಲ್ಲೆಯ ಹೊಲಗಳಲ್ಲಿ ಅಜುಕಿಯ ದಾಯಾದಿಗಳು ಮಳೆಗಾಲ ಬಂದರೆ ಸಾಲುಸಾಲಾಗಿ ನಿಲ್ಲುತ್ತವೆ.

ಇನ್ನೂ ಒಂದು ಮಾತು, ಈ ಊರಲ್ಲಿ ನಿಂತು ಹೇಳಲೇಬೇಕಾದದ್ದು. ಇದು ಚಾಲುಕ್ಯರ ಕಲ್ಯಾಣ. 1126ರಿಂದ 1138ರವರೆಗೆ ಇಲ್ಲಿಂದ ಆಳಿದ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ದೊಡ್ಡ ಸಂಸ್ಕೃತ ಗ್ರಂಥ ಬರೆದ. ಆನೆ, ಕೋಟೆ, ಸಂಗೀತದ ಜೊತೆಗೆ ಅಡುಗೆಗೂ ಅದರಲ್ಲಿ ಜಾಗವಿದೆ, 'ಅನ್ನಭೋಗ' ಎಂಬ ಭಾಗ. ಗೋಧಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಬೀಸಿ, ಜರಡಿ ಹಿಡಿದು, ತುಪ್ಪ ಉಪ್ಪು ಹಾಕಿ ಕಲಸಿ, ಕೈಯಲ್ಲೇ ಅಗಲ ಮಾಡಿ ಕಾದ ಖರ್ಪರದ, ಅಂದರೆ ಮಣ್ಣಿನ ಹೆಂಚಿನ, ಮೇಲೆ ಬೇಯಿಸುವ ಮಂಡಕದ ವಿವರ ಅಲ್ಲಿದೆ. ಪೋಲಿಕಾ, ದೋಸಕ, ಇಡರಿಕಾ ಎಂಬ ತಿನಿಸುಗಳೂ ಇವೆ. ರಾಜನೊಬ್ಬ ಹಿಟ್ಟು ಕಲಸುವುದನ್ನು ಇಷ್ಟು ಅಕ್ಕರೆಯಿಂದ ಬರೆದಿಟ್ಟ ಊರು ಇದು. ಶಾಲೆಯಲ್ಲಿ ನಮಗೆ ಅವನ ಯುದ್ಧಗಳನ್ನು ಹೇಳಿಕೊಟ್ಟರು, ಅಡುಗೆ ಹೇಳಲಿಲ್ಲ. ಆ ಅಧ್ಯಾಯವನ್ನು ಕಲ್ಯಾಣದ ಮಕ್ಕಳಾದರೂ ಓದಬೇಕು.

ಚೀಲ ಹೆಗಲಿಗೆ. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಸೇರಿ, ಹೈದರಾಬಾದ್ ಕಡೆ ಮುಖ ಮಾಡಿದ ಬಸ್ಸಿನಲ್ಲಿ ಹುಮನಾಬಾದ್.

ಅತ್ತೆಯ ಅಡುಗೆಮನೆಯಲ್ಲಿ ಕಾಳು ಆಗಲೇ ಕುದಿಯುತ್ತಿದೆ. ನೆನೆಹಾಕಿಲ್ಲ, ಅಜುಕಿಯನ್ನೂ ಸಾಮಾನ್ಯವಾಗಿ ನೆನೆಹಾಕುವುದಿಲ್ಲ. ನೀರು ಕಂದಾಗಿ, ಮೇಲೆ ಬುರುಗು ಕಟ್ಟಿದೆ. ಈ ಮೊದಲ ನೀರನ್ನು ಬಸಿದು ಚೆಲ್ಲಬೇಕು, ಸಿಪ್ಪೆಯ ಒಗರು ಹೋಗಬೇಕು ಎನ್ನುತ್ತೇನೆ.

"ಕಟ್ಟು ಚೆಲ್ತಾರೇನು?" ಅತ್ತೆ ಸೌಟು ಅಡ್ಡ ಹಿಡಿಯುತ್ತಾರೆ. ಹೋಳಿಗೆ ಮಾಡಿದ ದಿನ ಬೇಳೆಯ ಕಟ್ಟಿನಿಂದ ಸಾರು ಆಗಬೇಕು, ಸಾರಿಲ್ಲದ ಹೋಳಿಗೆಯ ಊಟವನ್ನು ಈ ಮನೆ ಕಂಡಿಲ್ಲ. ಒಂದು ಚಮಚ ಬಾಯಿಗೆ ಹಾಕಿಕೊಂಡು ನೋಡುತ್ತಾರೆ. ನಾಲಿಗೆ ಒಣಗಿಸುವ ಒಗರು. ಕಡೆಗೆ ತಾವೇ ಬಸಿಯುತ್ತಾರೆ. "ಎರಡನೇದು ನನಗ ಬಿಡು" ಎಂದು ಹೇಳಿ ಹೊಸ ನೀರು ಸುರಿಯುತ್ತಾರೆ, ಬೋರಿನದಲ್ಲ, ಫಿಲ್ಟರಿನದು. ಬೋರಿನ ನೀರಿನ ಸುಣ್ಣದ ಅಂಶಕ್ಕೆ ಕಾಳಿನ ಸಿಪ್ಪೆ ಗಟ್ಟಿಯಾಗುತ್ತದೆ, ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ.

ಸಣ್ಣ ಉರಿ. ಗಂಟೆ ಕಳೆಯುವ ಹೊತ್ತಿಗೆ ಹೆಬ್ಬೆರಳು ಕಿರುಬೆರಳ ನಡುವೆ ಕಾಳು ಒತ್ತಿದರೆ ಪಿಸುಕಿ ಹೋಗಬೇಕು. ಕಿರುಬೆರಳೇ ಏಕೆಂದರೆ ಅದಕ್ಕೆ ಬಲ ಕಡಿಮೆ. ಅದಕ್ಕೂ ಸೋತ ಕಾಳು ನಿಜಕ್ಕೂ ಬೆಂದಿದೆ. ಅಲ್ಲಿಯವರೆಗೆ ಬೆಲ್ಲ ಮುಟ್ಟುವಂತಿಲ್ಲ. ಮೊದಲೇ ಹಾಕಿದರೆ ಕಾಳು ಅಲ್ಲಿಗೇ ಗಟ್ಟಿಯಾಗಿ ನಿಂತುಬಿಡುತ್ತದೆ. ಟೋಕಿಯೊದ ಆಂಕೋ ಮಾಡುವವರಿಗೂ ಇದೇ ಕಟ್ಟಳೆ, ಹುಮನಾಬಾದಿನ ಅತ್ತೆಗೂ ಇದೇ.

ಕಟ್ಟು ಬಸಿದು ಪಕ್ಕಕ್ಕಿಟ್ಟಾಯಿತು. ಕಾಲು ಕಿಲೋ ಕಾಳಿಗೆ ಇನ್ನೂರು ಗ್ರಾಂ ಬೆಲ್ಲ, ಚಿಟಿಕೆ ಉಪ್ಪು. ಏಲಕ್ಕಿ ಡಬ್ಬಿಯತ್ತ ಅತ್ತೆಯ ಕೈ ತಾನಾಗಿ ಹೋಗುತ್ತದೆ. ಜಪಾನಿನವರು ಹಾಕುವುದಿಲ್ಲ, ನಾವು ಹಾಕುತ್ತೇವೆ, ಸ್ವಲ್ಪ ಸುಂಠಿಯೂ ಬೀಳುತ್ತದೆ. ಬೆಲ್ಲ ಬಿದ್ದದ್ದೇ ಗಟ್ಟಿ ಮುದ್ದೆ ಮತ್ತೆ ನೀರಾಗುತ್ತದೆ. ಗಾಬರಿಯಾಗಬಾರದು. ಬೆಲ್ಲ ಕರಗಿದಾಗ ಹಾಗೇ. ಕಟ್ಟಿಗೆಯ ಸೌಟಿನಲ್ಲಿ ಅರ್ಧ ಕಾಳು ಮಸೆದು, ಅರ್ಧ ಹಾಗೇ ಬಿಟ್ಟು, ತಳ ಬಿಡದೆ ತಿರುವುತ್ತಾರೆ. ಹದ ಬರುತ್ತಿದ್ದಂತೆ ಸದ್ದು ಬದಲಾಗುತ್ತದೆ: ಮೊದಲು ಕೊತಕೊತ, ಆಮೇಲೆ ಆಗೊಮ್ಮೆ ಈಗೊಮ್ಮೆ ಪುಸಕ್ಕೆಂದು ಒಂದು ಗುಳ್ಳೆ. ಚಮಚ ನೆಟ್ಟರೆ ನೆಟ್ಟಗೆ ನಿಲ್ಲುತ್ತದೆ. ಬಣ್ಣ ನೋಡಿ, ಮೊದಲ ಮಳೆಗೆ ನೆಂದ ಹುಮನಾಬಾದಿನ ಕೆಂಪು ನೆಲದ ಹಾಗೆ. ತಟ್ಟೆಯಲ್ಲಿ ಹರಡಿ ಆರಲು ಬಿಡುತ್ತೇವೆ. ಆರಿದ ಮೇಲೆ ಇನ್ನೂ ಗಟ್ಟಿಯಾಗುವುದರಿಂದ, ಒಲೆಯಿಂದ ಒಂದು ಗಳಿಗೆ ಮುಂಚೆಯೇ ಇಳಿಸಿದ್ದು ಅತ್ತೆಯ ಜಾಣತನ.

ಇನ್ನು ಹಿಟ್ಟು. ಜಪಾನಿನಲ್ಲಿ ತತ್ತಿ ಒಡೆದು ಸಕ್ಕರೆ ಜೊತೆ ನೊರೆ ಬರುವಂತೆ ಕಡೆಯುತ್ತಾರೆ. ಈ ಮನೆಯೊಳಗೆ ತತ್ತಿ ಬರುವುದಿಲ್ಲ, ನಾನು ತರುವುದೂ ಇಲ್ಲ. ಆ ಕೆಲಸಕ್ಕೆ ಹುಳಿ ಮೊಸರು ಮತ್ತು ಸೋಡಾ ಇವೆ. ನೂರೈವತ್ತು ಗ್ರಾಂ ಮೈದಾ, ಅರವತ್ತು ಗ್ರಾಂ ಸಕ್ಕರೆ, ನೂರು ಗ್ರಾಂ ಮೊಸರು, ಅರ್ಧ ಲೋಟ ಹಾಲು, ದೊಡ್ಡ ಚಮಚದಲ್ಲಿ ಒಂದು ಜೇನುತುಪ್ಪ. ಜೇನು ಬಿಡಬಾರದು, ರೊಟ್ಟಿಗೆ ಆ ಕಂದು ಬಣ್ಣವನ್ನೂ ಮೆದುತನವನ್ನೂ ಕೊಡುವುದು ಅದೇ. ಅರ್ಧ ಸಣ್ಣ ಚಮಚ ಸೋಡಾ ಕೊನೆಯಲ್ಲಿ. ಹಿಟ್ಟು ಸೌಟಿನಿಂದ ಪಟ್ಟಿಯಾಗಿ ಇಳಿಯಬೇಕು, ದೋಸೆ ಹಿಟ್ಟಿಗಿಂತ ತುಸು ಗಟ್ಟಿ.

ಮಕ್ಕಳು ಕಟ್ಟೆಗೆ ಒರಗಿ ನಿಂತಿದ್ದಾರೆ. ದೋಸೆ ತವೆಗೆ ಎಣ್ಣೆ ಹಚ್ಚಿ, ತಕ್ಷಣ ಬಟ್ಟೆಯಿಂದ ಪೂರ್ತಿ ಒರೆಸುತ್ತೇನೆ. ಅತ್ತೆಗೆ ಇದು ಒಪ್ಪಿಗೆಯಾಗುವುದಿಲ್ಲ, ತುಪ್ಪ ಬಿಡದ ಸಿಹಿ ಎಂಥದ್ದು? ಆದರೆ ತವೆಯಲ್ಲಿ ಹನಿ ಎಣ್ಣೆ ನಿಂತರೂ ರೊಟ್ಟಿಯ ಮೈ ಚುಕ್ಕೆ ಚುಕ್ಕೆಯಾಗುತ್ತದೆ. ಒಣ ತವೆ, ಸಣ್ಣ ಉರಿ, ಒಂದೇ ಜಾಗಕ್ಕೆ ಮೇಲಿಂದ ಸುರಿದ ಹಿಟ್ಟು. ಸೌಟಿನಿಂದ ಹರಡಬಾರದು, ತಾನೇ ದುಂಡಗೆ ಹಬ್ಬುತ್ತದೆ. ಅಂಗೈ ಅಗಲಕ್ಕೆ ಬಂದು ನಿಲ್ಲುತ್ತದೆ. ಅಂಚಿನಲ್ಲಿ ಮೊದಲ ಗುಳ್ಳೆ, ಆಮೇಲೆ ನಡುವೆ ಎರಡು, ಮೂರು. ಒಡೆದ ಗುಳ್ಳೆಯ ಗುಳಿ ಮತ್ತೆ ಮುಚ್ಚಿಕೊಳ್ಳದಿದ್ದರೆ ಅದೇ ಹೊತ್ತು. ತಿರುವಿ ಹಾಕಿದರೆ ಕಲೆಯಿಲ್ಲದ ನುಣುಪು ಕಂದು.

"ಬಂತು! ಟಿವಿದಾಗಿನದೇ ಬಂತು!" ಚಿಕ್ಕವಳು ಕುಣಿಯುತ್ತಾಳೆ.

ಎರಡನೇ ಮಗ್ಗುಲಿಗೆ ಅರ್ಧ ನಿಮಿಷ ಸಾಕು. ತೆಗೆದದ್ದನ್ನು ಒದ್ದೆ ಬಟ್ಟೆಯ ಕೆಳಗೆ ಒಂದರ ಮೇಲೊಂದು ಮುಚ್ಚಿಡುತ್ತೇವೆ, ಬಿಟ್ಟರೆ ಅಂಚು ಬಿರುಸಾಗುತ್ತದೆ. ಮೊದಲು ದೋರಾಯಾಕಿಗೆ ಒಂದೇ ಪದರವಿತ್ತಂತೆ; ಎರಡು ರೊಟ್ಟಿಗಳ ನಡುವೆ ಹೂರಣ ಇಡುವ ಈಗಿನ ರೂಪವನ್ನು 1914ರಲ್ಲಿ ಟೋಕಿಯೊದ ಉಯೆನೊದಲ್ಲಿ ಉಸಾಗಿಯಾ ಎಂಬ ಅಂಗಡಿಯವರು ತಂದರೆಂದು ಹೇಳುತ್ತಾರೆ. ಹೋಳಿಗೆಯಲ್ಲಿ ಹೂರಣ ಕಣಕದೊಳಗೆ ಹೊಕ್ಕು ಅದರ ಜೊತೆಗೇ ಬೇಯುತ್ತದೆ. ಇಲ್ಲಿ ಎರಡೂ ಬೇರೆ ಬೇರೆ ಬೆಂದು ಆಮೇಲೆ ಕೂಡುತ್ತವೆ. ಕಷ್ಟದ ವಿದ್ಯೆ ಹೋಳಿಗೆಯದೇ, ಇದನ್ನು ನಾನು ಯಾರ ಮುಂದೆಯಾದರೂ ಹೇಳುತ್ತೇನೆ. ಹೂರಣ ಹೊರಬಾರದ ಹಾಗೆ ಲಟ್ಟಿಸುವ ಅತ್ತೆಯ ಬೆರಳಿಗೆ ದೋರಾಯಾಕಿ ತುಂಬುವುದು ಒಂದು ಕೆಲಸವೇ ಅಲ್ಲ.

ನಡುವೆ ದಪ್ಪ, ಅಂಚಿಗೆ ತೆಳು ಮಾಡಿ ಹೂರಣ ಇಟ್ಟು, ಮೇಲಿನ ರೊಟ್ಟಿ ಮುಚ್ಚಿ, ಅಂಚನ್ನು ಅಂಗೈಯಿಂದ ಒತ್ತುತ್ತಾರೆ. ರೊಟ್ಟಿ ಬೆಚ್ಚಗಿರುವಾಗಲೇ ಒತ್ತಿದರೆ ಅಂಟಿಕೊಳ್ಳುತ್ತದೆ. ದೊಡ್ಡವನು ಕಚ್ಚಿ, ಅಗಿಯುತ್ತ, ಹುಬ್ಬು ಗಂಟಿಕ್ಕುತ್ತಾನೆ. "ಚಾಕಲೇಟ್ ಅಲ್ಲ ಇದು." ಇನ್ನೊಂದು ಕಚ್ಚು. "ಹೋಳಿಗಿ ಆದ." ಮೂರನೆಯದಕ್ಕೆ ತಟ್ಟೆ ಖಾಲಿ, ಮತ್ತೊಂದಕ್ಕೆ ಕೈ ಚಾಚುತ್ತಾನೆ.

ಅತ್ತೆ ಕೈಯಲ್ಲಿ ಒಂದು ಹಿಡಿದು ನಿಂತೇ ತಿನ್ನುತ್ತಾರೆ. ಹೊರಗಿನದು ಬಹಳ ಸಿಹಿ, ಸಕ್ಕರೆ ಅರ್ಧ ಮಾಡು ಎನ್ನುತ್ತಾರೆ. ಮಾತು ಸರಿ, ಹೂರಣದ ರುಚಿ ಆಗ ಇನ್ನೂ ಮುಂದೆ ಬರುತ್ತದೆ. ಅಷ್ಟರಲ್ಲಿ ಒಲೆಯ ಇನ್ನೊಂದು ಕಡೆ ಎರಡನೇ ಕಟ್ಟಿಗೆ ಹುಣಸೆ, ಖಾರ, ಚೂರು ಬೆಲ್ಲ ಬಿದ್ದಿದೆ, ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುತ್ತಿದ್ದಾರೆ.

"ನಾಳಿಗಿ ಶೇಂಗಾ ಹೂರಣ ತುಂಬಿ ನೋಡಮು," ಎಂದು ಅವರು ಮೇಲಿನ ಗೂಡಿನಿಂದ ಶೇಂಗಾದ ಡಬ್ಬಿ ಇಳಿಸಲು ಹೇಳುತ್ತಾರೆ.