ಬಳಗಾನೂರಿನ ಅಂಗಳಕ್ಕೆ ಯಾವ ಗಾಡಿ?

ಲಿಂಗಸುಗೂರನ್ನು ಹಿಂದೆ ಬಿಟ್ಟು ಮಸ್ಕಿಯ ಮಾರ್ಗವಾಗಿ ಸಿಂಧನೂರಿನತ್ತ ಸಾಗುವ ಪ್ರಯಾಣಿಕನ ಗಮನವನ್ನು ಮೊದಲು ಸೆಳೆಯುವುದು ಮಸ್ಕಿಯ ಬಂಡೆಗುಡ್ಡಗಳು. 1915ರಲ್ಲಿ ಇಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನ ಹೆಸರೇ ಕೆತ್ತಲ್ಪಟ್ಟಿದ್ದು, ‘ದೇವಾನಾಂಪ್ರಿಯ’ನೆಂಬವನು ಆ ಚಕ್ರವರ್ತಿಯೇ ಎಂಬುದು ಸ್ಥಿರಪಟ್ಟಿತು. ಆ ಗುಡ್ಡಗಳ ಆಚೆಗೆ ಎರೆಯ ಬಯಲು ತೆರೆದುಕೊಳ್ಳುತ್ತದೆ. ಬೇಸಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಕಾಲು ಕೀಳಲಾಗದಷ್ಟು ಅಂಟು; ಇದು ಆ ನೆಲದ ಸ್ವಭಾವ. ಬಳಗಾನೂರು ಈ ಸೀಮೆಯ ಊರು. ಪಟ್ಟಣ ಪಂಚಾಯಿತಿಯ ಪದವಿ ಪಡೆದಿದ್ದರೂ ಬದುಕಿನ ಬೇರು ಹೊಲದಲ್ಲಿಯೇ ಇದೆ.

ಈ ಬಯಲಿನ ಹಣೆಬರಹವನ್ನು ತಿದ್ದಿದ್ದು ತುಂಗಭದ್ರೆ. 1953ರಲ್ಲಿ ಅಣೆಕಟ್ಟು ನೀರು ಹಿಡಿಯತೊಡಗಿದ ಮೇಲೆ ಎಡದಂಡೆಯ ಕಾಲುವೆ ಕೊಪ್ಪಳ, ರಾಯಚೂರು ಸೀಮೆಗಳತ್ತ ಹರಿಯಿತು. ಜೋಳ, ಹತ್ತಿಗಳಂಥ ಮಿತನೀರಿನ ಬೆಳೆಗೆಂದು ಯೋಜಿಸಿದ ಕಾಲುವೆಯ ಕೆಳಗೆ ಕಾಲಕ್ರಮದಲ್ಲಿ ಭತ್ತವೇ ದೊರೆಯಾಯಿತು. ಮೇಲ್ಭಾಗದವರಿಗೆ ಹೊಳೆಯಂತೆ ಬಂದ ನೀರು ಕೊನೆಯ ಭಾಗದವರಿಗೆ ಹನಿಯಂತೆ ಬರುವ ದುಃಖವೂ ಅದರೊಡನೆ ಬೆಳೆಯಿತು. ಆದರೂ ನೀರು ಬಂದ ವರ್ಷ ಮನೆಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಆಗ ಪ್ರಶ್ನೆಯೊಂದು ಅಂಗಳಕ್ಕೆ ಬಂದು ನಿಲ್ಲುತ್ತದೆ: ಕೊಳ್ಳುವುದಾದರೆ ಪಿಕಪ್ ಗಾಡಿಯೋ, ಪುಟ್ಟ ಕಾರೋ?

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದು ಪಟ್ಟಣದ ನೌಕರಿಯವರ ಕನಸಾಗಿತ್ತು. 2005ರಲ್ಲಿ ಟಾಟಾ ಏಸ್ ಬಂದು, ಎತ್ತಿನಗಾಡಿಗೂ ಲಾರಿಗೂ ನಡುವಿನ ಸ್ಥಾನವನ್ನು ತುಂಬಿತು. ಇಂದು ಇವೆರಡರ ವಂಶಸ್ಥರೂ ಒಂದೇ ಓಣಿಯಲ್ಲಿ ನಿಲ್ಲುತ್ತಾರೆ. ಪುಟ್ಟ ಕಾರುಗಳ ಮೇಲಿನ ಜಿ.ಎಸ್.ಟಿ. ತೆರಿಗೆಯೂ ಸರಕು ವಾಹನಗಳ ಮೇಲಿನ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದಿರುವುದರಿಂದ ಸರಕಾರವೂ ಯಾರ ಪಕ್ಷವನ್ನೂ ವಹಿಸಿಲ್ಲ. ತೀರ್ಮಾನ ಮನೆಯವರದೇ.

ಎಂಟೆಕರೆ ನೀರಾವರಿಯ ಒಂದು ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ಮಗ ಪಿಕಪ್ ಪರ. “ಅಪ್ಪಾ, ಗಾಡಿ ದುಡದು ತನ್ನ ಕಂತು ತಾನ ಕಟ್ಟತೈತಿ. ನಮ್ಮ ನೆಲ್ಲೂ ಅದರಾಗ ಹೋಗ್ತದ” ಎಂಬುದು ಅವನ ವಾದ. ತಂದೆಗೂ ಅದು ಒಪ್ಪಿಗೆಯೇ. ಮೂಲೆಯಲ್ಲಿ ಕುಳಿತ ಅಜ್ಜಿ ಮಾತ್ರ, “ಅಲ್ಲೋ ಯಪ್ಪಾ, ದವಾಖಾನಿಗೆ ಹೋಗೂದಾದ್ರ ನಾ ಎಲ್ಲಿ ಕುಂದ್ರಲಿ?” ಎಂದು ಕೇಳುತ್ತಾಳೆ. ಅವಳ ಮಾತನ್ನು ಮನೆಯವರು ನಕ್ಕು ಹಾರಿಸುವುದುಂಟು. ಹಾರಿಸತಕ್ಕ ಮಾತಲ್ಲ ಅದು.

ಮೊದಲು ಮಗನ ಲೆಕ್ಕವನ್ನೇ ನೋಡೋಣ. ಎಕರೆಗೆ 30 ಚೀಲ ಎಂದಿಟ್ಟುಕೊಂಡರೆ ಎಂಟೆಕರೆಗೆ 240 ಚೀಲ. ಚೀಲಕ್ಕೆ 75 ಕಿಲೋದಂತೆ 18 ಟನ್ನು. ಸುಮಾರು 750 ಕಿಲೋ ಹೊರುವ ಸಣ್ಣ ಗಾಡಿಗೆ ಒಮ್ಮೆಗೆ ಹತ್ತೇ ಚೀಲ. ಅಂದರೆ 24 ಸುತ್ತು. 1,700 ಕಿಲೋ ಹೊರುವ ದೊಡ್ಡ ಪಿಕಪ್ಪಿಗೂ 11 ಸುತ್ತು ತಪ್ಪದು. ಅಷ್ಟನ್ನು ಒಂದೆರಡು ಲಾರಿಗಳು ಒಂದೇ ದಿನದಲ್ಲಿ ಸಾಗಿಸಿಬಿಡುತ್ತವೆ. ಮಳೆಯ ಎರೆಗೆ ಇಳಿದರಂತೂ ಎರಡು ಗಾಡಿಗಳದೂ ಒಂದೇ ಗತಿ. ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆ; ಭಾರವಿಲ್ಲದ ಪಿಕಪ್ಪಿನ ಹಿಂದಿನ ಗಾಲಿ ಇದ್ದಲ್ಲಿಯೇ ತಿರುಗುತ್ತದೆ. ಎಳೆದು ತೆಗೆಯಲು ಟ್ರ್ಯಾಕ್ಟರೇ ಬರಬೇಕು.

ಹಾಗಾದರೆ ಪಿಕಪ್ ಯಾತಕ್ಕೆ? ಬಾಡಿಗೆಗೆ. ಗೊಬ್ಬರ, ಬೀಜ, ಕುರಿ, ತರಕಾರಿ, ಸಿಮೆಂಟು, ಮದುವೆಯ ಪಾತ್ರೆ ಪಡಗ ಎಲ್ಲವೂ ಅದಕ್ಕೆ ಕೆಲಸವೇ. ಆದುದರಿಂದ ಪಿಕಪ್ ಕೊಳ್ಳುವ ಮನೆ ಒಂದು ಹೊಸ ಕಸುಬನ್ನೇ ಕೊಳ್ಳುತ್ತದೆ. ಸರಕು ವಾಹನವಾದುದರಿಂದ ಹಳದಿ ಫಲಕ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಯೋಗ್ಯತಾ ಪತ್ರ. ಒಟ್ಟು ತೂಕ 3,000 ಕಿಲೋ ಮೀರಿದರೆ ಪರ್ಮಿಟ್ಟು. ಸ್ವಂತ ಕಾರಿನ ನೋಂದಣಿಯಾದರೋ 15 ವರ್ಷ ನಿಶ್ಚಿಂತ. ಚಾಲಕನಿಗೆ ಒಂದು ಸಮಾಧಾನವುಂಟು: ಲಘು ವಾಹನದ ಲೈಸೆನ್ಸ್ ಉಳ್ಳವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಸ್ಪಷ್ಟಪಡಿಸಿದೆ.

ಕಸುಬಿಗೆ ಕಾಲುವೆಯ ನಂಟೂ ಇದೆ. ನೀರು ಬಂದರೆ ಗೊಬ್ಬರ ಓಡುತ್ತದೆ, ಚೀಲ ಓಡುತ್ತದೆ, ಗಾಡಿಯೂ ಓಡುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಈ ಸೀಮೆಯೆಲ್ಲ ಉಸಿರು ಬಿಗಿಹಿಡಿದು ಕುಳಿತಿತ್ತು. ನೀರಿಲ್ಲದ ಹಂಗಾಮಿನಲ್ಲಿ ಬಾಡಿಗೆ ನಿಂತೀತು. ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬಾಗಿಲು ತಟ್ಟುತ್ತದೆ. ಕಾರಿಗೂ ಕಂತುಂಟು, ಆದರೆ ಕಾರು ತಾನು ದುಡಿಯುವೆನೆಂದು ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ಮನೆಯವರು ತಮ್ಮ ಶಕ್ತಿ ನೋಡಿಯೇ ಅದನ್ನು ತರುತ್ತಾರೆ.

ಇನ್ನು ಅಜ್ಜಿಯ ಪ್ರಶ್ನೆ. ಪಿಕಪ್ಪಿನ ಮುಂಭಾಗದಲ್ಲಿ ಚಾಲಕನ ಪಕ್ಕಕ್ಕೆ ಒಬ್ಬರಿಗೋ ಇಬ್ಬರಿಗೋ ಸ್ಥಳ. ಜಾತ್ರೆಗೆ, ಮದುವೆಗೆ, ದವಾಖಾನೆಗೆ ಮನೆಮಂದಿಯೆಲ್ಲ ಹೊರಟರೆ ಮುದುಕಿಯೂ ಸೊಸೆಯೂ ಮಕ್ಕಳೂ ಹಿಂದಿನ ತೊಟ್ಟಿಯನ್ನೇ ಏರಬೇಕು. ಸರಕು ವಾಹನದಲ್ಲಿ ಹೀಗೆ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಸರಕಿನೊಡನೆ ಹೋಗುವ ಅದರ ಒಡೆಯನಿಗೂ ಅವನ ಪ್ರತಿನಿಧಿಗೂ ವಿಮೆಯ ರಕ್ಷಣೆಯುಂಟು. ಪುಕ್ಕಟೆಯಾಗಿ ಹತ್ತಿದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಅವಘಡವಾದರೆ ಆ ಭಾರ ಗಾಡಿಯ ಒಡೆಯನ ಹೊಲ ಮನೆಗಳ ಮೇಲೆ ಬೀಳುತ್ತದೆ. 2025ರ ಜನವರಿ 22ರಂದು ಯಲ್ಲಾಪುರದ ಬಳಿ ಲಾರಿ ಉರುಳಿ ಸತ್ತವರು ಸವಣೂರಿನಿಂದ ಕುಮಟೆಯ ಸಂತೆಗೆ ತಮ್ಮ ಹಣ್ಣು ತರಕಾರಿಯೊಡನೆ ಹೊರಟಿದ್ದ ವ್ಯಾಪಾರಿಗಳು. ಸರಕಿನ ನಡುವೆ ಕುಳಿತ ಮನುಷ್ಯನನ್ನು ಕಾಪಾಡಲು ಆ ಗಾಡಿಗಳಲ್ಲಿ ಏನೂ ಇರುವುದಿಲ್ಲ.

ಎರಡೂ ಗಾಡಿಗಳಿಗೆ ಬಳಗಾನೂರಿನಲ್ಲಿ ಸ್ಥಾನವುಂಟು. ವರ್ಷದ ಹನ್ನೆರಡು ತಿಂಗಳೂ ಬಾಡಿಗೆ ಹುಡುಕಿಕೊಂಡು ಹೋಗುವ, ಕಾಲುವೆ ಒಣಗಿದಾಗಲೂ ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಕೆಲಸ ಹಿಡಿಯುವ ಮಗನೊಬ್ಬನಿದ್ದರೆ ಪಿಕಪ್ ಆ ಮನೆಯನ್ನು ಎತ್ತಿ ನಿಲ್ಲಿಸೀತು. ಅಂಥ ಮನೆಯವರು ಊರಿಗೆ ಹೋಗುವಾಗ ಬಸ್ಸಿನ ಟಿಕೇಟಿಗೆಂದು ಗಾಡಿಯ ಗಳಿಕೆಯಲ್ಲಿಯೇ ಒಂದಿಷ್ಟು ಎತ್ತಿಡುವುದು ಲೇಸು. ಹೊಲದಲ್ಲಿಯೇ ದಿನ ಮುಗಿಯುವ ಮನೆಯವರು ಚೀಲಗಳ ನೆಪ ಹೇಳಿ ಪಿಕಪ್ ತರಬೇಕಾದುದಿಲ್ಲ. ಸುಗ್ಗಿಯ ನಾಲ್ಕು ದಿನ ಬಾಡಿಗೆಯ ಗಾಡಿ ಬಂದೀತು. ನಡುರಾತ್ರಿ ಎದೆನೋವು ಬಂದಾಗ, ಹೆರಿಗೆಯ ಬೇನೆ ಎದ್ದಾಗ, ಮಳೆಯಲ್ಲಿ ನೆನೆಯದೆ ರಾಯಚೂರಿನ ದವಾಖಾನೆ ಮುಟ್ಟಿಸುವುದು ಪುಟ್ಟ ಕಾರು.

ಯಾವುದನ್ನು ತಂದರೂ, ಮುಂಗಡ ಕೊಡುವ ಮುನ್ನ ಮನೆಯ ಪ್ರತಿಯೊಬ್ಬರೂ ಎಲ್ಲಿ ಕೂರುವರೆಂಬುದನ್ನು ಎಣಿಸಿ ನೋಡಬೇಕು. ಎಂಟೆಕರೆಯ ಮನೆಯಲ್ಲಿ ಆ ಎಣಿಕೆಯನ್ನು ಮಾಡಿದವಳು ಅಜ್ಜಿಯೊಬ್ಬಳೇ.