ಜನವರಿ 26ಕ್ಕೆ ಮೂರು ಉತ್ತರ

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪ ಕಾಡಂಚಿನ ಊರು. ಇಂಥ ಊರಿನ ಶಾಲೆಗಳಲ್ಲೂ ಬೆಳಗಿನ ಪ್ರಾರ್ಥನೆ ಮುಗಿಯುತ್ತಲೇ ನುಡಿಮುತ್ತು, ಪತ್ರಿಕೆಯ ಸುದ್ದಿ, ಅದರ ಬೆನ್ನಿಗೇ ‘ಇತಿಹಾಸದಲ್ಲಿ ಈ ದಿನ’ ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಯ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಇಸವಿಯ ಪ್ರಕಾರ ಬರೆದ ಪುಸ್ತಕದಲ್ಲಿ ಒಬ್ಬರ ಮುಖ ಒಬ್ಬರು ಕಾಣದವರು ಇಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ ಕೂರುತ್ತಾರೆ.

ಜನವರಿ 26ನ್ನೇ ತೆಗೆದುಕೊಳ್ಳಿ. ‘ಗಣರಾಜ್ಯೋತ್ಸವ!’ ಎಂದು ಮಕ್ಕಳೆಲ್ಲ ಒಟ್ಟಿಗೇ ಕೂಗುತ್ತಾರೆ. ‘ಮತ್ತೇನಾತು ಅವತ್ತ?’ ಎಂದು ಕೇಳಿ ನೋಡಿ. ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುತ್ತದೆ: ‘ಅಕ್ಕೋರ, ರಾಯಣ್ಣನ್ನ ಗಲ್ಲಿಗೇರಿಸಿದ್ದು ಅವತ್ತರೀ!’

ಹೌದು, 1831ರ ಜನವರಿ 26. ಜಾಗ ನಂದಗಡ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಮುಂದೆ ಕೋಟೆ ಕಂಪನಿಯ ಪಾಲಾಯಿತು, ಚೆನ್ನಮ್ಮ ಸೆರೆಯಲ್ಲೇ ತೀರಿಕೊಂಡಳು. ಆಮೇಲೂ ಸಂಗೊಳ್ಳಿ ರಾಯಣ್ಣ ಜನ ಕಟ್ಟಿಕೊಂಡು ಕಂಪನಿಯ ಕಚೇರಿಗಳಿಗೆ ಬೆಂಕಿಯಿಟ್ಟ. ಅವನ ಕಥೆಯನ್ನು ನಮ್ಮ ಕಡೆಯವರು ಮೊದಲು ಕೇಳಿದ್ದು ಲಾವಣಿಯಲ್ಲಿ, ಓದಿದ್ದು ಆಮೇಲೆ.

ಮೂರನೆಯ ಉತ್ತರ 1930ರದು. ಲಾಹೋರ್ ಕಾಂಗ್ರೆಸ್ಸಿನ ನಿರ್ಣಯದಂತೆ ದೇಶ ಆ ವರ್ಷದ ಜನವರಿ 26ರಂದು ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿತು. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಅದನ್ನು ಪೂರ್ತಿಯಾಗಿ ಜಾರಿಗೆ ತರಲು ಎರಡು ತಿಂಗಳು ಕಾದದ್ದು ಆ ಪ್ರತಿಜ್ಞೆಯ ದಿನಕ್ಕೆ ಗೌರವ ಸಲ್ಲಲೆಂದೇ. ಈ ಕಾರಣ ತಿಳಿದ ಮಗುವಿಗೆ ಜನವರಿ 26 ಬಾಯಿಪಾಠವಾಗಿ ಉಳಿಯುವುದಿಲ್ಲ.

ರಾಯಣ್ಣನನ್ನು ಗಲ್ಲಿಗೇರಿಸಿದವರಿಗೆ ಮುಂದಿನ ಗಣರಾಜ್ಯದ ಕನಸೂ ಇರಲಿಲ್ಲ. ಎರಡೂ ಒಂದೇ ತಾರೀಖಿಗೆ ಬಿದ್ದದ್ದು ಕಾಕತಾಳೀಯ. ಅವನ ಜಯಂತಿಯನ್ನೂ ನಾವು ಆಗಸ್ಟ್ 15ರಂದೇ ಆಚರಿಸುತ್ತೇವೆ. ಇದರಲ್ಲಿ ದೈವಸಂಕಲ್ಪ ಹುಡುಕಬೇಕಾಗಿಲ್ಲ. ಬಾವುಟ ಏರುವ ಎರಡೂ ದಿನ ಈ ಸೀಮೆಯ ಮಗುವಿಗೆ ತನ್ನವನೊಬ್ಬ ನೆನಪಾಗುತ್ತಾನಲ್ಲ, ಅದೇ ದೊಡ್ಡದು.

ನಮ್ಮ ಜಿಲ್ಲೆಯಲ್ಲಿ ಜುಲೈ 21 ಕೂಡ ಇಂಥದೇ ದಿನ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ಹೊರೆಯ ವಿರುದ್ಧ ಎದ್ದು ನಿಂತರು. ನವಲಗುಂದದಲ್ಲಿ, ಪಕ್ಕದ ನರಗುಂದದಲ್ಲಿ ಗೋಲಿಬಾರು ನಡೆದು ಜೀವಗಳು ಹೋದವು. ಅಲ್ಲಿನ ರೈತರು ಪ್ರತಿವರ್ಷ ಆ ದಿನ ಹುತಾತ್ಮರಿಗೆ ಮಾಲೆ ಹಾಕುತ್ತಾರೆ. ಅದೇ ತಾರೀಖಿಗೆ ಚಂದ್ರನ ಮೇಲೆ ಮನುಷ್ಯ ನಡೆದ ಪ್ರಶ್ನೆಯನ್ನೂ ಕೇಳಬಹುದು. 1969ರಲ್ಲಿ ಆರ್ಮ್‌ಸ್ಟ್ರಾಂಗ್ ಹೆಜ್ಜೆಯಿಟ್ಟಾಗ ಭಾರತದಲ್ಲಿ ಜುಲೈ 21ರ ಬೆಳಗು. ಎರಡನ್ನೂ ಕೇಳಲಿ. ಚಂದ್ರನನ್ನು ಬಲ್ಲ ಮಗು ನವಲಗುಂದವನ್ನೂ ಬಲ್ಲದ್ದಾಗಿರಲಿ.

ಆದ್ದರಿಂದ ಪ್ರಶ್ನೆ ಕೇಳುವ ಗುರುಗಳಲ್ಲಿ ನನ್ನದೊಂದು ಬಿನ್ನಹ. ‘ಏನಾತು?’ ಎಂದು ಕೇಳಿ ಬಿಡಬೇಡಿ. ‘ಆ ದಿನಾನ ಯಾಕ?’ ಎನ್ನಿ, ‘ನಮ್ಮ ಕಡೆ ಏನಾತು?’ ಎನ್ನಿ. ಉತ್ತರ ಪುಸ್ತಕದಲ್ಲಿ ಸಿಗದಿದ್ದರೆ ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಮಕ್ಕಳಿಗೆ ಹೇಳಿ.