ಕ್ಯಾಲೆಯ ‘ಜಂಗಲ್’ ಮತ್ತು ಅತಿಥಿಯ ಹಕ್ಕು

ನಿರಾಶ್ರಿತರ ಕುರಿತು ನಾವು ಓದುವುದು ಬಹುಮಟ್ಟಿಗೆ ಸಂಖ್ಯೆಗಳನ್ನು. ಎಷ್ಟು ಮಂದಿ ದೋಣಿಯೇರಿದರು, ಎಷ್ಟು ಮಂದಿ ಮುಳುಗಿದರು, ಎಷ್ಟು ಮಂದಿಯನ್ನು ಹಿಂದಕ್ಕಟ್ಟಲಾಯಿತು ಎಂಬ ಲೆಕ್ಕ. ಜುಮಾದಲ್ಲಿ ಅವರಿಗಾಗಿ ದುಆ ಮಾಡುವಾಗ ‘ಆಮೀನ್’ ಎನ್ನುತ್ತೇವೆ, ಆದರೆ ಆ ಮುಖಗಳು ಕಣ್ಣಮುಂದೆ ನಿಲ್ಲುವುದಿಲ್ಲ. ಜೋ ಮರ್ಫಿ ಮತ್ತು ಜೋ ರಾಬರ್ಟ್‌ಸನ್ ಎಂಬ ಇಬ್ಬರು ಆಂಗ್ಲ ತರುಣರು ಬರೆದ ‘ದ ಜಂಗಲ್’ ನಾಟಕವನ್ನು ನಾವು ರಂಗದ ಮೇಲೆ ಕಂಡವರಲ್ಲ, ಪುಸ್ತಕರೂಪದಲ್ಲಿ ಓದಿದವರು. ಆದರೂ ಅದರ ಕೆಲವು ಪಾತ್ರಗಳು ಇಂದಿಗೂ ನಮ್ಮ ಮನದಲ್ಲಿ ಬೀಡುಬಿಟ್ಟಿವೆ.

ಫ್ರಾನ್ಸಿನ ಉತ್ತರ ಕರಾವಳಿಯ ಕ್ಯಾಲೆ ಪಟ್ಟಣದ ಅಂಚಿನಲ್ಲಿ 2015ರಿಂದ 2016ರ ಅಕ್ಟೋಬರ್‌ವರೆಗೆ ಆ ಶಿಬಿರವಿತ್ತು. ಅಫ್ಘಾನಿಸ್ತಾನ, ಸುಡಾನ್, ಸಿರಿಯಾ, ಇರಾನ್, ಎರಿಟ್ರಿಯಾಗಳಿಂದ ಹೊರಟ ಸಾವಿರಾರು ಜನ ಅಲ್ಲಿ ತಾಡಪಾಲು, ಮರದ ಹಲಗೆಗಳಿಂದ ಗುಡಿಸಲು ಕಟ್ಟಿಕೊಂಡಿದ್ದರು. ಎದುರಿಗೆ ಇಂಗ್ಲಿಷ್ ಕಡಲ್ಗಾಲುವೆ. ಅತ್ಯಂತ ಕಿರಿದಾದ ಕಡೆ ಅದರ ಅಗಲ ಸುಮಾರು 33 ಕಿಲೋಮೀಟರ್ ಮಾತ್ರ. ರಾತ್ರಿಯಾದರೆ ಲಾರಿಗಳಲ್ಲಿ ಅಡಗಿ ದಾಟುವ ಯತ್ನ, ಬೆಳಗಾದರೆ ಕೆಸರಿನಲ್ಲಿ ಕಾಲೆಳೆಯುತ್ತ ಮರಳುವುದು. ‘ಜಂಗಲ್’ ಎಂಬ ಹೆಸರು ಕಾಡು ಎಂಬರ್ಥದ ಪಶ್ತೋ ಪದದಿಂದ ಬಂದದ್ದು. ನಮಗೂ ಅಪರಿಚಿತವಲ್ಲದ ಪದವದು. ಲೇಖಕರಿಬ್ಬರೂ 2015ರಲ್ಲಿ ಅಲ್ಲಿಗೆ ಹೋಗಿ ಗುಮ್ಮಟದಾಕಾರದ ಒಂದು ಡೇರೆ ಹಾಕಿ ಅದನ್ನೇ ರಂಗಮಂದಿರವಾಗಿಸಿದರು.

ನಾಟಕ 2017ರ ಡಿಸೆಂಬರ್‌ನಲ್ಲಿ ಲಂಡನ್ನಿನ ಯಂಗ್ ವಿಕ್ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು. ಅಲ್ಲಿ ಎತ್ತರದ ವೇದಿಕೆಯಿರಲಿಲ್ಲ. ಶಿಬಿರದೊಳಗಿನ ಅಫ್ಘಾನ್ ಉಪಾಹಾರಗೃಹವನ್ನೇ ಕಟ್ಟಿ, ಪ್ರೇಕ್ಷಕರನ್ನು ಅದರ ಮೇಜು ಬೆಂಚುಗಳ ಮೇಲೆ ಕೂರಿಸಲಾಗಿತ್ತು. ಮರುವರ್ಷ ನಗರದ ದೊಡ್ಡ ರಂಗಮಂದಿರಕ್ಕೆ ಹೋದಾಗ ಮೇಲಂತಸ್ತಿನ ಆಸನಗಳಿಗೆ ‘ಡೋವರ್‌ನ ಬಂಡೆಗಳು’ ಎಂದು ಹೆಸರಿಟ್ಟರು. ಹಣ ತೆತ್ತವರು ಶಿಬಿರವನ್ನು ಇಂಗ್ಲೆಂಡಿನ ದಡದಿಂದ ನೋಡಿದಂತೆ! ಪರರ ಸಂಕಟವನ್ನು ಟಿಕೆಟು ಕೊಂಡು ನೋಡುವುದು ಸರಿಯೇ ಎಂಬ ಶಂಕೆ ನಮಗೂ ಬಂದಿತ್ತು. ಅದು ಪೂರ್ತಿ ನಿವಾರಣೆಯಾಗಿಲ್ಲ. ಆದರೆ ನಾಟಕವು ತನ್ನ ಪ್ರೇಕ್ಷಕರನ್ನೂ, ಉಪಕಾರ ಮಾಡಲು ಬಂದ ಆಂಗ್ಲ ಸ್ವಯಂಸೇವಕರ ಗೊಂದಲಗಳನ್ನೂ ಸುಮ್ಮನೆ ಬಿಡುವುದಿಲ್ಲ ಎಂಬುದು ಸಮಾಧಾನದ ಸಂಗತಿ.

ನಮ್ಮನ್ನು ಹಿಡಿದು ನಿಲ್ಲಿಸಿದವನು ಆ ಉಪಾಹಾರಗೃಹದ ಒಡೆಯ ಸಲಾರ್. ಕಥೆ ಹೇಳುವವನು ಅಲೆಪ್ಪೊದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಸಫಿ. ಹೃದಯ ಹಿಂಡುವವನು ದಾರ್ಫರ್‌ನಿಂದ ಬಂದ ಹದಿಹರೆಯದ ಒಕೋಟ್. ಆದರೆ ಸಲಾರ್ ಬೇರೆಯೇ ಬಗೆಯವನು. ನೆಲ ಪರರದ್ದು, ಛಾವಣಿ ಹರಕು, ನಾಳೆ ಬುಲ್ಡೋಜರ್ ಬರಬಹುದು. ಆದರೂ ತನ್ನ ಬಾಗಿಲಿಗೆ ಬಂದವರಿಗೆ ಅವನೇ ಆತಿಥೇಯ. ಅತಿಥಿಯನ್ನು ಗೌರವಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನಾವು ಉಳ್ಳವರ ಧರ್ಮವೆಂದೇ ತಿಳಿಯುವುದುಂಟು. ಏನೂ ಇಲ್ಲದವನು ಅದನ್ನು ಪಾಲಿಸುವಾಗ, ಅವನನ್ನು ಕೇವಲ ‘ಕೈಚಾಚಿ ನಿಂತವನು’ ಎಂದು ಕಾಣಲು ಯಾರಿಗೆ ಸಾಧ್ಯ?

ಆ ಶಿಬಿರದಲ್ಲಿ ಮಸೀದಿಗಳಿದ್ದವು. ಎರಿಟ್ರಿಯಾ ಮತ್ತು ಇಥಿಯೋಪಿಯಾದ ಕ್ರೈಸ್ತರು ಹಲಗೆ, ತಾಡಪಾಲುಗಳಿಂದಲೇ ಕಟ್ಟಿದ ಚರ್ಚೂ ಇತ್ತು. ಇದನ್ನು ಓದುವಾಗ ಅಬಿಸೀನಿಯದ ಹಿಜ್ರತ್ ನೆನಪಾಗದಿರದು. ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ಪೀಡನೆ ತಾಳಲಾರದೆ ಹೊರಟ ನಮ್ಮ ಪೂರ್ವಿಕರು ಕೆಂಪು ಸಮುದ್ರ ದಾಟಿ ಸೇರಿದ್ದು ಅದೇ ನಾಡನ್ನು. ಅವರನ್ನು ಮರಳಿ ಒಪ್ಪಿಸಬೇಕೆಂದು ಕುರೈಶರು ಉಡುಗೊರೆಗಳೊಡನೆ ದೂತರನ್ನು ಅಟ್ಟಿದರು. ಕ್ರೈಸ್ತ ದೊರೆ ನಜ್ಜಾಶಿ ನಿರಾಶ್ರಿತರ ಮಾತನ್ನೂ ಕೇಳಬೇಕೆಂದನು. ಜಾಫರ್ ಬಿನ್ ಅಬೀತಾಲಿಬ್(ರ) ಎದ್ದು ನಿಂತು ತಮ್ಮ ಕಥೆ ಹೇಳಿದರು, ಮರ್ಯಮ್ ಅಧ್ಯಾಯದಿಂದ ಓದಿದರು, ದೊರೆ ಅತ್ತನು. ಬಂದವನ ಬಾಯಿಂದಲೇ ಅವನ ಕಥೆ ಕೇಳುವ ಆ ಒಂದು ಕ್ಷಣ ಸಿಗದೆ ಹೋಗಿದ್ದರೆ ಏನಾಗುತ್ತಿತ್ತೆಂದು ಊಹಿಸಲೂ ಭಯವಾಗುತ್ತದೆ. ಸಫಿ ಮತ್ತು ಒಕೋಟ್ ನಾಟಕದುದ್ದಕ್ಕೂ ಬೇಡುವುದು ಅಂಥದೇ ಒಂದು ಕ್ಷಣವನ್ನು.

ಝಕಾತಿನ ಎಂಟು ಹಕ್ಕುದಾರರಲ್ಲಿ ದಾರಿಹೋಕನೂ ಒಬ್ಬನೆಂದು ಪವಿತ್ರ ಕುರ್‌ಆನ್ ಹೆಸರಿಸಿದೆ. ಊರಲ್ಲಿ ಸಿರಿವಂತನಾಗಿದ್ದವನೂ ದಾರಿಯಲ್ಲಿ ಕೈಬರಿದಾದರೆ ಅದಕ್ಕೆ ಅರ್ಹನು. ಅಂದರೆ ಅವನಿಗೆ ಸಲ್ಲುವುದು ನಮ್ಮ ಔದಾರ್ಯವಲ್ಲ, ಅವನ ಪಾಲು. ಕ್ಯಾಲೆ ದೂರದ್ದಾಯಿತು. ನಮ್ಮ ಕರಾವಳಿಯ ಮಸೀದಿಗಳಲ್ಲಿ ಶುಕ್ರವಾರ ಹಿಂದಿನ ಸಫ್ಫಿನಲ್ಲಿ ನಿಂತು, ಸಲಾಮ್ ಹೇಳಿದೊಡನೆ ಕಟ್ಟಡದ ಕೆಲಸಕ್ಕೆ ಮರಳುವ ಬಂಗಾಳ, ಬಿಹಾರಗಳ ಹುಡುಗರಿದ್ದಾರೆ. ಗಲ್ಫಿನ ಲೇಬರ್ ಕ್ಯಾಂಪುಗಳಲ್ಲಿ ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಮಲಗೆದ್ದು ಮನೆ ಕಟ್ಟಿಸಿದ ತಂದೆಯರ ಮಕ್ಕಳು ನಾವು. ಆ ಹುಡುಗರ ಊರು ಯಾವುದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

2016ರ ಆರಂಭದಲ್ಲಿ ಶಿಬಿರದ ದಕ್ಷಿಣ ಭಾಗವನ್ನು ಕೆಡವಲಾಯಿತು, ಅಕ್ಟೋಬರ್‌ನಲ್ಲಿ ಉಳಿದುದನ್ನೂ. ನಾಟಕದೊಳಗಿನ ಪುಟ್ಟ ಹುಡುಗಿ ಅಮಲ್ ಮಾತ್ರ ಉಳಿದಳು. ಆಕೆಯ ರೂಪದಲ್ಲಿ ಮೂರೂವರೆ ಮೀಟರ್ ಎತ್ತರದ ಬೊಂಬೆಯೊಂದನ್ನು ಮಾಡಿ, 2021ರಲ್ಲಿ ತುರ್ಕಿಯ ಗಾಝಿಯಾನ್‌ತೆಪ್‌ನಿಂದ ಸುಮಾರು 8,000 ಕಿಲೋಮೀಟರ್ ನಡೆಸಲಾಯಿತು. ಅಮಲ್ ಎಂದರೆ ಅರಬಿಯಲ್ಲಿ ನಿರೀಕ್ಷೆ. ಹಲವು ಊರುಗಳು ಆಕೆಯನ್ನು ಹೂವು, ಹಾಡುಗಳಿಂದ ಸ್ವಾಗತಿಸಿದವು. ಗ್ರೀಸಿನ ಲಾರಿಸ್ಸಾದಲ್ಲಿ ಕೆಲವರು ಆ ಬೊಂಬೆಯತ್ತ ಕಲ್ಲೆಸೆದರು. ಅಮಲ್ ಮುಂದೆ ನಡೆದಳು. ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ತಲುಪಿದಳು.